ಬಿಗ್ ಸ್ಟಾರ್ ಕೇಳುವವರೆಲ್ಲ ಮೊದಲ ಆಲ್ಬಂನಲ್ಲೇ ನಿಂತುಬಿಡುವುದೇಕೆ?

ಕೆಂಪುಚಾವಣಿ
ಈ ಬಳಗದಲ್ಲಿ ರಾಕ್ ಕೇಳುವವರಿಗೆ ಕೊರತೆಯಿಲ್ಲ. ಆದರೆ ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್ ತಂಡದ ಮಾತೆತ್ತಿದರೆ ಅರ್ಧ ಜನ ‘ಯಾರದು?’ ಎನ್ನುತ್ತಾರೆ, ಉಳಿದವರು ಮೊದಲ ಆಲ್ಬಂನ ‘ಥರ್ಟೀನ್’ ಹಾಡಿನ ಕೊಂಡಿ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ. ಹಾಡು ಚೆನ್ನಾಗಿದೆ, ತಕರಾರಿಲ್ಲ. ಅದರಾಚೆಗೂ ಎರಡೂವರೆ ಆಲ್ಬಂ ಇದೆಯಲ್ಲ, ಅದನ್ನು ಕೇಳುವವರು ಯಾರು?

ಗೊತ್ತಿಲ್ಲದವರಿಗೆ ಹೇಳುವುದಾದರೆ: ಹಾಡಿಗೂ ಗಿಟಾರಿಗೂ ಅಲೆಕ್ಸ್ ಚಿಲ್ಟನ್, ಕ್ರಿಸ್ ಬೆಲ್, ಬೇಸ್‌ಗೆ ಆಂಡಿ ಹಮ್ಮೆಲ್, ಡ್ರಮ್ಸ್‌ಗೆ ಜೋಡಿ ಸ್ಟೀಫನ್ಸ್. 1972ರಲ್ಲಿ ‘ನಂಬರ್ ಒನ್ ರೆಕಾರ್ಡ್’, 1974ರಲ್ಲಿ ‘ರೇಡಿಯೊ ಸಿಟಿ’. ಮೂರನೆಯದು 1974ರಲ್ಲೇ ಧ್ವನಿಮುದ್ರಣಗೊಂಡು 1978ರವರೆಗೆ ಕಪಾಟಿನಲ್ಲಿ ಕೊಳೆಯಿತು. ಅದೇ ‘ಥರ್ಡ್’, ಕೆಲವರು ‘ಸಿಸ್ಟರ್ ಲವರ್ಸ್’ ಎನ್ನುತ್ತಾರೆ.

ನನ್ನ ವಾದ ಇಷ್ಟು. ಮೊದಲನೆಯದು ಸುಂದರ, ಆದರೆ ತಲೆ ಬಾಚಿಕೊಂಡು ಫೋಟೊಗೆ ನಿಂತ ಆಲ್ಬಂ. ಮೂರನೆಯದಕ್ಕೆ ಸಿಕ್ಕ ಕೀರ್ತಿಯಲ್ಲಿ ಅರ್ಧ ಪಾಲು ಅದರ ಸುತ್ತಲಿನ ದುಃಖದ ಕಥೆಗೆ ಸೇರಬೇಕು. ತಂಡ ನಿಜವಾಗಿ ಉಸಿರಾಡುವುದು ‘ರೇಡಿಯೊ ಸಿಟಿ’ಯಲ್ಲಿ. ಒಪ್ಪದವರು ಕಾರಣ ಕೊಡಿ.

ಆರುತಂತಿ
ಒಪ್ಪುವುದಿಲ್ಲ. ‘ದ ಬ್ಯಾಲಡ್ ಆಫ್ ಎಲ್ ಗೂಡೊ’ ಕೇಳಿದ ಮೇಲೂ ‘ತಲೆ ಬಾಚಿಕೊಂಡ ಆಲ್ಬಂ’ ಎನ್ನಲು ನಿಮಗೆ ಹೇಗೆ ಮನಸ್ಸು ಬಂತು?

ಸುಮ್ಮನೆ_ಓದುವವ
‘ಎರಡೂವರೆ ಆಲ್ಬಂ’ ಎಂದರೆ ಏನು ಲೆಕ್ಕ ಸ್ವಾಮಿ? 2005ರ ‘ಇನ್ ಸ್ಪೇಸ್’ ಆಲ್ಬಂ ಎಲ್ಲಿ ಹೋಯಿತು?

ಕೆಂಪುಚಾವಣಿ
ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಥರ್ಡ್’ ಅರ್ಧ. ಉಳಿದ ಗಣಿತ ನಿಮಗೇ ಬಿಟ್ಟಿದ್ದು.

ಮಳೆಗಾಲದ_ರೇಡಿಯೊ
ಕೆಂಪುಚಾವಣಿಯವರೇ, ನಿಮ್ಮ ಅಡ್ಡಹೆಸರು ನೋಡಿದ ಕೂಡಲೇ ನೀವು ಯಾವ ಪಕ್ಷ ಎಂದು ತಿಳಿಯಿತು. ಹೊಸಬರಿಗಾಗಿ ಹೇಳುತ್ತೇನೆ: ‘ರೇಡಿಯೊ ಸಿಟಿ’ಯ ಹೊದಿಕೆಯಲ್ಲಿರುವುದು ವಿಲಿಯಂ ಎಗಲ್‌ಸ್ಟನ್ ತೆಗೆದ ಫೋಟೊ. ರಕ್ತಗೆಂಪು ಚಾವಣಿ, ನಡುವೆ ಒಂದು ಬೋಳು ಬಲ್ಬು, ಅದರಿಂದ ಹೊರಡುವ ಬಿಳಿ ವೈರುಗಳು. ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ 1973ರಲ್ಲಿ ತೆಗೆದದ್ದು. ಎಗಲ್‌ಸ್ಟನ್ ಮೆಂಫಿಸ್‌ನವರೇ, ಚಿಲ್ಟನ್ ಕುಟುಂಬಕ್ಕೆ ಪರಿಚಿತರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಬಣ್ಣದ ಚಿತ್ರಗಳ ಪ್ರದರ್ಶನ ಮಾಡಿದ್ದು 1976ರಲ್ಲಿ. ಅಂದರೆ ದೊಡ್ಡ ಸಂಗ್ರಹಾಲಯಕ್ಕಿಂತ ಎರಡು ವರ್ಷ ಮೊದಲೇ ಅವರ ಚಿತ್ರ ಮಾರಾಟವಾಗದ ಆಲ್ಬಂ ಒಂದರ ಮುಖದ ಮೇಲಿತ್ತು. ಮೂರನೆಯ ಆಲ್ಬಂನ ಧ್ವನಿಮುದ್ರಣಕ್ಕೆ ಬಂದು ‘ನೇಚರ್ ಬಾಯ್’ಗೆ ಪಿಯಾನೊ ನುಡಿಸಿದವರೂ ಅವರೇ.

ಡ್ರಮ್ಮರ್_ಹಾಸನ
ಒಂದು ನೇರ ಪ್ರಶ್ನೆ. ಇಷ್ಟು ಒಳ್ಳೆಯ ತಂಡವಾಗಿದ್ದರೆ ಆಗಲೇ ಯಾಕೆ ಓಡಲಿಲ್ಲ? ‘ಕಾಲಕ್ಕಿಂತ ಮುಂದಿದ್ದರು’ ಎಂಬ ಸವಕಲು ಉತ್ತರ ಬೇಡ.

ಮಳೆಗಾಲದ_ರೇಡಿಯೊ
ಕಾಲಕ್ಕಿಂತ ಮುಂದೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹಿಂದೆ ಇದ್ದರು. ಹೊರಗೆ ಹತ್ತು ಹತ್ತು ನಿಮಿಷದ ಗಿಟಾರ್ ಆಲಾಪ ನಡೆಯುತ್ತಿದ್ದಾಗ ಇವರು 1965ರ ಬೀಟಲ್ಸ್, ಬರ್ಡ್ಸ್, ಕಿಂಕ್ಸ್ ಹಿಡಿದುಕೊಂಡು ಮೂರು ನಿಮಿಷದ ಹಾಡು ಬರೆಯುತ್ತಿದ್ದರು.

ಆದರೆ ಮುಳುಗಿಸಿದ್ದು ಅದಲ್ಲ, ಅಂಗಡಿಗೆ ತಟ್ಟೆ ತಲುಪದೇ ಹೋದದ್ದು. ಇವರ ಕಂಪನಿ ಆರ್ಡೆಂಟ್, ಜಾನ್ ಫ್ರೈ ಎಂಬವರ ಸ್ಟುಡಿಯೊದ ಪುಟ್ಟ ಲೇಬಲ್. ಅದನ್ನು ಮಾರುವ ಹೊಣೆ ಹೊತ್ತದ್ದು ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ. ಐಸಾಕ್ ಹೇಯ್ಸ್‌ನಂತಹ ಸೋಲ್ ಗಾಯಕರ ಮನೆ ಅದು. ಬಿಳಿಯ ಹುಡುಗರ ರಾಕ್ ತಟ್ಟೆಯನ್ನು ಯಾವ ರೇಡಿಯೊ ಕೇಂದ್ರದ ಬಾಗಿಲಿಗೆ ಒಯ್ಯಬೇಕು ಎಂಬ ದಾರಿ ಅವರಿಗಿರಲಿಲ್ಲ. 1972ರಲ್ಲಿ ಸ್ಟ್ಯಾಕ್ಸ್ ತನ್ನ ಇಡೀ ವಿತರಣೆಯನ್ನು ಕೊಲಂಬಿಯಾ ರೆಕಾರ್ಡ್ಸ್ ಕಂಪನಿಗೆ ಒಪ್ಪಿಸಿತು. ಆ ಒಪ್ಪಂದ ಮಾಡಿಕೊಂಡಿದ್ದ ಕ್ಲೈವ್ ಡೇವಿಸ್‌ರನ್ನು 1973ರಲ್ಲಿ ಕೊಲಂಬಿಯಾ ಹೊರಹಾಕಿತು, ಅಲ್ಲಿಗೆ ಆಸಕ್ತಿಯೂ ಮುಗಿಯಿತು. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿ. ಪತ್ರಿಕೆಯಲ್ಲಿ ವಿಮರ್ಶೆ ಓದಿ ಅಂಗಡಿಗೆ ಹೋದವನಿಗೆ ಆಲ್ಬಂ ಸಿಗದಿದ್ದರೆ ಅವನೇನು ಮಾಡಿಯಾನು?

ಡ್ರಮ್ಮರ್_ಹಾಸನ
ಇದು ಒಪ್ಪುವ ಮಾತು. ಗುಣಕ್ಕೂ ಗೋದಾಮಿಗೂ ಸಂಬಂಧವಿಲ್ಲ.

ಕಾಲ್ನಡಿಗೆ
ಅಲ್ಲದೆ ಸೂಪರ್‌ಮಾರ್ಕೆಟ್ಟಿನ ಹೆಸರು ಇಟ್ಟುಕೊಂಡರೆ ಇನ್ನೇನಾಗುತ್ತದೆ! ಸ್ಟುಡಿಯೊ ಹತ್ತಿರ ಬಿಗ್ ಸ್ಟಾರ್ ಎಂಬ ದಿನಸಿ ಅಂಗಡಿಯಿತ್ತು, ಅದನ್ನೇ ಎತ್ತಿಕೊಂಡರು. ಹೆಸರು ಬಿಗ್ ಸ್ಟಾರ್, ಮೊದಲ ಆಲ್ಬಂ ನಂಬರ್ ಒನ್, ಆದರೆ...

ಆರುತಂತಿ
ಆ ಹಾಸ್ಯವನ್ನು ಐವತ್ತು ವರ್ಷದಿಂದ ಪ್ರತಿಯೊಬ್ಬ ವಿಮರ್ಶಕನೂ ಮೊದಲ ಸಾಲಿನಲ್ಲಿ ಬರೆಯುತ್ತಿದ್ದಾನೆ. ದಯವಿಟ್ಟು ಮುಗಿಸಬೇಡಿ.

ಕಾಫಿತೋಟ
ಮೊದಲ ಆಲ್ಬಂನ ‘ದಿ ಇಂಡಿಯಾ ಸಾಂಗ್’ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ? ನಮ್ಮ ಹೆಸರಿನ ಹಾಡು. ಇಂಡಿಯಾಕ್ಕೆ ಹೋಗಬೇಕು, ಕಾಡಿನಲ್ಲಿ ದೊಡ್ಡ ಬಿಳಿ ಮನೆ ಇರಬೇಕು, ಜಿನ್ ಕುಡಿಯಬೇಕು, ಗ್ರ್ಯಾಂಡ್ ಪಿಯಾನೊ ನುಡಿಸಬೇಕು ಎಂಬ ಕನಸು. ಬರೆದದ್ದು ಆಂಡಿ ಹಮ್ಮೆಲ್. ನಮ್ಮ ಕೊಡಗಿನ ಕಡೆ ದೊರೆಗಳು ಬಿಟ್ಟುಹೋದ ಬಂಗಲೆಗಳನ್ನು ನೋಡಿದವನಾಗಿ ಹೇಳುತ್ತೇನೆ, ಜುಲೈ ತಿಂಗಳ ಮಳೆಗೆ ಆ ಪಿಯಾನೊ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ಮೇಲೇ ಪಾಚಿ ಬೆಳೆಯುತ್ತದೆ.

ಧಾರವಾಡದವಳು
ನನಗಂತೂ ಆ ಹಾಡು ಕೇಳಿದರೆ ಕಿರಿಕಿರಿ. 1972ರಲ್ಲಿ ಇಂಡಿಯಾ ಎಂದರೆ ಇನ್ನೂ ಬಿಳಿ ಬಂಗಲೆ, ವರಾಂಡ, ಜಿನ್. ಆ ಮನೆಯಲ್ಲಿ ಜಿನ್ ತಂದುಕೊಡುವವನ ಬಗ್ಗೆ ಒಂದು ಸಾಲೂ ಇಲ್ಲ.

ಕಾಫಿತೋಟ
ಮೇಡಂ, ಮೆಂಫಿಸ್ ಬಿಟ್ಟು ಓಡಿಹೋಗಬೇಕೆನಿಸಿದ ಹುಡುಗನೊಬ್ಬನ ಹಗಲುಗನಸು ಅದು. ಅವನಿಗೆ ಬೇಕಾಗಿದ್ದದ್ದು ದೂರದ ಊರು. ಇಂಡಿಯಾ ಬದಲು ಚಂದ್ರಲೋಕ ಎಂದಿದ್ದರೂ ನಡೆಯುತ್ತಿತ್ತು.

ಧಾರವಾಡದವಳು
ಚಂದ್ರನಲ್ಲಿ ಆಳುಕಾಳು ಸಿಗುವುದಿಲ್ಲವಲ್ಲ ಸರ್, ಅದಕ್ಕೇ ಇಂಡಿಯಾ.

ಕೆಂಪುಚಾವಣಿ
ಇಬ್ಬರ ಮಾತೂ ಒಟ್ಟಿಗೆ ಸರಿಯಾಗಿರಬಹುದು. ಅದು ಹಗಲುಗನಸೂ ಹೌದು, ಆ ಕನಸಿನ ಸಾಮಾನುಗಳೆಲ್ಲ ಹಳೆಯ ವಸಾಹತುಶಾಹಿ ಕಾದಂಬರಿಗಳಿಂದ ಎತ್ತಿಕೊಂಡವೂ ಹೌದು. ನನ್ನ ತಕರಾರು ಬೇರೆ: ಆ ಆಲ್ಬಂನಲ್ಲಿ ನಾನು ಹಾರಿಸುವ ಹಾಡು ಅದೊಂದೇ. ಬಡವಾಗಿದೆ.

ಅಂದಹಾಗೆ ಹಮ್ಮೆಲ್ ‘ರೇಡಿಯೊ ಸಿಟಿ’ ಮುಗಿದ ಮೇಲೆ ತಂಡ ಬಿಟ್ಟು ಓದು ಮುಗಿಸಲು ಹೋದರು. ಮುಂದೆ ಟೆಕ್ಸಾಸ್‌ನಲ್ಲಿ ವಿಮಾನ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿದರು.

ಕಾಲ್ನಡಿಗೆ
ಅಂತೂ ನಾಲ್ವರಲ್ಲಿ ಒಬ್ಬ ಹುಡುಗ ದಾರಿಗೆ ಬಂದ. ನಮ್ಮ ತಂದೆಯವರು ಈ ಸಾಲು ಓದಿದರೆ ಮುದ್ರಿಸಿ ಗೋಡೆಗೆ ಅಂಟಿಸುತ್ತಾರೆ.

ಆರುತಂತಿ
ಮರಳಿ ವಿಷಯಕ್ಕೆ ಬರೋಣ. ನಾನು ಮೊದಲ ಆಲ್ಬಂ ಪಕ್ಷ, ಕಾರಣ ಕ್ರಿಸ್ ಬೆಲ್. ಎಲ್ಲರೂ ಬಿಗ್ ಸ್ಟಾರ್ ಎಂದರೆ ಚಿಲ್ಟನ್ ಎನ್ನುತ್ತಾರೆ. ತಂಡ ಕಟ್ಟಿದ್ದು ಬೆಲ್. ಚಿಲ್ಟನ್ ಆಮೇಲೆ ಬಂದವರು. ಅಷ್ಟು ಹೊತ್ತಿಗೆ ಬಾಕ್ಸ್ ಟಾಪ್ಸ್ ತಂಡದಲ್ಲಿ ಹದಿನಾರನೇ ವಯಸ್ಸಿಗೇ ‘ದ ಲೆಟರ್’ ಹಾಡಿ, 1967ರಲ್ಲಿ ಅಮೆರಿಕದ ಪಟ್ಟಿಯ ತುತ್ತತುದಿಗೆ ಹೋಗಿ, ಬೇಸತ್ತು ಹೊರಬಂದಿದ್ದರು. ಹಾಡುಗಳಿಗೆ ಬೀಟಲ್ಸ್‌ನ ಲೆನನ್-ಮೆಕಾರ್ಟ್ನಿ ಮಾದರಿಯಲ್ಲಿ ಇಬ್ಬರ ಹೆಸರನ್ನೂ ಹಾಕಿದರು. ಆ ಆಲ್ಬಂನ ಗಿಟಾರುಗಳ ಹೊಳಪು, ಒಂದರ ಮೇಲೊಂದು ಕೂರಿಸಿದ ದನಿಗಳು, ಒಂದೊಂದೂ ಬೆಲ್ ಸ್ಟುಡಿಯೊದಲ್ಲಿ ರಾತ್ರಿಗಟ್ಟಲೆ ಕುಳಿತು ಉಜ್ಜಿದ್ದು. ‘ಫೀಲ್’ ಶುರುವಾಗುತ್ತಲೇ ಗಂಟಲು ಹರಿಯುವಂತೆ ಕೂಗುವುದು ಅವರೇ, ಚಿಲ್ಟನ್ ಅಲ್ಲ.

ಆಲ್ಬಂ ಸತ್ತಿತು. ಹೊಗಳಿದವರೂ ಬಹುಪಾಲು ಚಿಲ್ಟನ್‌ರನ್ನೇ ಹೊಗಳಿದರು. 1972 ಮುಗಿಯುವ ಮೊದಲೇ ಬೆಲ್ ತಂಡ ಬಿಟ್ಟರು. ಖಿನ್ನತೆ ಮೊದಲೇ ಕಾಡುತ್ತಿತ್ತು. ನಿಮ್ಮ ‘ರೇಡಿಯೊ ಸಿಟಿ’ ಆ ಖಾಲಿ ಕುರ್ಚಿಯ ಪಕ್ಕದಲ್ಲಿ ಕುಳಿತು ಮಾಡಿದ ಆಲ್ಬಂ.

ಕೆಂಪುಚಾವಣಿ
ಒಪ್ಪಿದೆ, ಅದಕ್ಕೇ ಅದು ನನಗೆ ಇಷ್ಟ! ಬೆಲ್ ಇದ್ದಿದ್ದರೆ ‘ಓ ಮೈ ಸೋಲ್’ ಹಾಗೆ ಒರಟಾಗಿ ಉಳಿಯುತ್ತಿರಲಿಲ್ಲ. ಐದೂವರೆ ನಿಮಿಷ ಹಾಡು ಎಡವುತ್ತ, ನಿಲ್ಲುತ್ತ, ಮತ್ತೆ ಜಿಗಿಯುತ್ತ ಹೋಗುತ್ತದೆ. ಒಂದೇ ಗಿಟಾರ್, ಆದರೆ ಚಿಲ್ಟನ್ ತಾಳ ಮತ್ತು ಸ್ವರ ಎರಡನ್ನೂ ಅದರಲ್ಲೇ ನುಡಿಸುತ್ತಾರೆ. ಎರಡನೇ ಗಿಟಾರ್ ಹೋದ ಜಾಗವನ್ನು ಸ್ಟೀಫನ್ಸ್ ಡ್ರಮ್ಸ್ ತುಂಬುತ್ತದೆ. ‘ಬ್ಯಾಕ್ ಆಫ್ ಎ ಕಾರ್’ ಕೇಳಿ, ಆ ಮನುಷ್ಯ ಹಾಡಿನ ಹಿಂದೆ ಬಾರಿಸುತ್ತಿಲ್ಲ, ಮುಂದೆ ನಿಂತು ಎಳೆಯುತ್ತಿದ್ದಾನೆ.

ಡ್ರಮ್ಮರ್_ಹಾಸನ
ಈಗ ಕೇಳಿ ಬಂದೆ. ಹೌದು! ಸಿಂಬಲ್ ಬಡಿತಗಳಿಗಿಂತ ಟಾಮ್ ಡ್ರಮ್‌ಗಳ ಉರುಳುವಿಕೆ ಹೆಚ್ಚು. ಡ್ರಮ್ಸ್ ಧ್ವನಿಮುದ್ರಣವೂ ಅದ್ಭುತ, ಕೋಲು ಚರ್ಮಕ್ಕೆ ತಾಗುವುದು ಕೇಳುತ್ತದೆ. ಯಾರು ಮಾಡಿದ್ದು?

ಮಳೆಗಾಲದ_ರೇಡಿಯೊ
ಜಾನ್ ಫ್ರೈ. ಮೇಲೆ ಹೇಳಿದೆನಲ್ಲ, ಸ್ಟುಡಿಯೊ ಮಾಲೀಕರು, ಅವರೇ ಎಂಜಿನಿಯರ್. ಹುಡುಗರಿಗೆ ಯಂತ್ರ ನಡೆಸುವುದನ್ನು ಕಲಿಸಿ, ರಾತ್ರಿ ಸ್ಟುಡಿಯೊ ಖಾಲಿಯಿದ್ದಾಗ ಬಳಸಲು ಬಿಟ್ಟರು. ಅವರಿಲ್ಲದೆ ಈ ಮೂರು ಆಲ್ಬಂ ಇಲ್ಲ. 2014ರಲ್ಲಿ ತೀರಿಕೊಂಡರು.

ಗ್ಲಾಸ್ಗೋ_ಗೌಡ
ತಡವಾಗಿ ಬಂದೆ, ಇಲ್ಲಿ ಈಗ ಬೆಳಗ್ಗೆ. ನಾನಿರುವ ಊರಿನಲ್ಲಿ ಈ ತಂಡವನ್ನು ‘ಕಡೆಗಣಿಸಲ್ಪಟ್ಟ’ ಎಂದರೆ ಜನ ನಗುತ್ತಾರೆ. ಟೀನೇಜ್ ಫ್ಯಾನ್‌ಕ್ಲಬ್ ಈ ಕಡೆಯ ತಂಡ, ಪಕ್ಕದ ಬೆಲ್ಸ್‌ಹಿಲ್‌ನವರು. 1993ರ ಅವರ ಆಲ್ಬಂಗೆ ‘ಥರ್ಟೀನ್’ ಎಂದೇ ಹೆಸರಿಟ್ಟರು. ಅದಕ್ಕೂ ಮೊದಲು ಬ್ಯಾಂಗಲ್ಸ್ ತಂಡದವರು 1986ರಲ್ಲಿ ‘ರೇಡಿಯೊ ಸಿಟಿ’ಯ ‘ಸೆಪ್ಟೆಂಬರ್ ಗರ್ಲ್ಸ್’ ಹಾಡಿದರು. ರಿಪ್ಲೇಸ್‌ಮೆಂಟ್ಸ್ ತಂಡದವರು 1987ರಲ್ಲಿ ‘ಅಲೆಕ್ಸ್ ಚಿಲ್ಟನ್’ ಎಂಬ ಹಾಡನ್ನೇ ಬರೆದರು. 2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ 500 ಆಲ್ಬಂಗಳ ಪಟ್ಟಿ ಮಾಡಿದಾಗ ಮೂರೂ ಅದರಲ್ಲಿದ್ದವು. ಮೂರಕ್ಕೆ ಮೂರು! ಇನ್ನೆಷ್ಟು ಗಣನೆಗೆ ಬರಬೇಕು?

ಆರುತಂತಿ
ಸಂಗೀತಗಾರರು ಮತ್ತು ವಿಮರ್ಶಕರು ಹೊಗಳಿದರೆ ಸಾಕೇ? ಅವರ ಹೊಗಳಿಕೆ 1973ರಲ್ಲೂ ಇತ್ತು. ಮೆಂಫಿಸ್‌ನಲ್ಲಿ ದೇಶದ ರಾಕ್ ಬರಹಗಾರರನ್ನೆಲ್ಲ ಕರೆಸಿ ಸಮಾವೇಶ ಮಾಡಿದರು, ಬಿಗ್ ಸ್ಟಾರ್ ಮೂವರೇ ವೇದಿಕೆ ಹತ್ತಿದರು, ಬರಹಗಾರರು ಎದ್ದು ಕುಣಿದರು. ಆ ಹುರುಪಿನಲ್ಲೇ ‘ರೇಡಿಯೊ ಸಿಟಿ’ ಮಾಡಿದರು. ಫಲ? ಮತ್ತೆ ಸೊನ್ನೆ. ಬರಹಗಾರರಿಗೆ ಆಲ್ಬಂ ಪುಕ್ಕಟೆ ಬರುತ್ತದೆ ಗೌಡರೇ, ಅವರು ಕೊಳ್ಳುವುದಿಲ್ಲ.

ಗ್ಲಾಸ್ಗೋ_ಗೌಡ
ಈ ಮಾತು ಮಾತ್ರ ನಿಜ.

ಬಿಸಿಲುಕುದುರೆ
‘ದಟ್ 70ಸ್ ಶೋ’ ಧಾರಾವಾಹಿಯ ಶೀರ್ಷಿಕೆ ಗೀತೆ ಇವರದೇ ಅಲ್ಲವೇ? ಹಾಗಾದರೆ ಕೋಟ್ಯಂತರ ಜನ ಕೇಳಿದ್ದಾರೆ. ಚೀಪ್ ಟ್ರಿಕ್‌ನವರ ಹಾಡು ಎಂದುಕೊಂಡಿದ್ದೆ, ಅವರೇ ಬರೆದದ್ದು ಎಂದು ಎಲ್ಲೋ ಓದಿದ ನೆನಪು.

ಮಳೆಗಾಲದ_ರೇಡಿಯೊ
ಬರೆದದ್ದು ಬೆಲ್ ಮತ್ತು ಚಿಲ್ಟನ್, ಮೊದಲ ಆಲ್ಬಂನ ‘ಇನ್ ದ ಸ್ಟ್ರೀಟ್’. ಧಾರಾವಾಹಿಯಲ್ಲಿ ಅದನ್ನು ಬೇರೆಯವರಿಂದ ಹಾಡಿಸಿದರು, ನಂತರದ ಕಂತುಗಳಲ್ಲಿ ಬರುವುದು ಚೀಪ್ ಟ್ರಿಕ್ ದನಿ. ಅಂದರೆ ಕೋಟ್ಯಂತರ ಜನ ಹಾಡು ಕೇಳಿದರು, ತಂಡವನ್ನು ಕೇಳಲಿಲ್ಲ. ಒಂದು ಪ್ರಸಾರಕ್ಕೆ ತಮಗೆ ಎಪ್ಪತ್ತು ಡಾಲರ್ ಬರುತ್ತದೆ ಎಂದು ಚಿಲ್ಟನ್ ಗೇಲಿ ಮಾಡಿದ್ದುಂಟು.

ನೀಲಾಂಬರಿ
ನಾನು ‘ಥರ್ಡ್’ ಪರ ಮಾತಾಡಲೇಬೇಕು, ಯಾರೂ ಮಾತಾಡುತ್ತಿಲ್ಲ. ಕೆಂಪುಚಾವಣಿಯವರು ‘ದುಃಖದ ಕಥೆಗೆ ಸಿಕ್ಕ ಕೀರ್ತಿ’ ಎಂದು ತಳ್ಳಿಹಾಕಿದರು. ಕಥೆ ಏನೂ ಗೊತ್ತಿಲ್ಲದೆ ನಾನು ಮೊದಲು ಕೇಳಿದ್ದು ಇದೇ ಆಲ್ಬಂ, ಉಳಿದೆರಡು ಆಮೇಲೆ. ಆದ್ದರಿಂದ ಆ ಆರೋಪ ನನಗೆ ಅಂಟುವುದಿಲ್ಲ.

‘ಹೊಲೊಕಾಸ್ಟ್’ ತೆಗೆದುಕೊಳ್ಳಿ. ಪಿಯಾನೊ ಒಂದೊಂದು ಸ್ವರವನ್ನೂ ಇನ್ನೇನು ಬಿಟ್ಟುಬಿಡುತ್ತೇನೆ ಎನ್ನುವಂತೆ ನಡೆಯುತ್ತದೆ. ಹಿಂದೆ ಗಿಟಾರ್ ಜಾರುತ್ತ ನರಳುತ್ತದೆ. ತಾಳವಾದ್ಯ ಬರುತ್ತದೆ ಎಂದು ಕಾಯುತ್ತೀರಿ, ಬರುವುದೇ ಇಲ್ಲ. ‘ಕಾಂಗರೂ’ ಇನ್ನೂ ವಿಚಿತ್ರ. ಚಿಲ್ಟನ್ ದನಿಯನ್ನೂ ಹನ್ನೆರಡು ತಂತಿಯ ಗಿಟಾರನ್ನೂ ಬೇಕೆಂದೇ ಒಂದೇ ಟ್ರ್ಯಾಕಿನಲ್ಲಿ ಬೆರೆಸಿ, ಈಗ ಇದನ್ನು ಏನು ಮಾಡುತ್ತೀರೋ ಮಾಡಿ ಎಂದು ನಿರ್ಮಾಪಕ ಜಿಮ್ ಡಿಕಿನ್ಸನ್ ಮುಂದೆ ಎಸೆದರಂತೆ. ಡಿಕಿನ್ಸನ್ ಹೆದರಲಿಲ್ಲ, ಅದರ ಮೇಲೆ ಗಿಟಾರಿನ ಕೀರಲು, ಮೆಲೊಟ್ರಾನ್ ಎಂಬ ಟೇಪಿನ ಕೀಬೋರ್ಡು, ದಿಕ್ಕುತಪ್ಪಿದ ಡ್ರಮ್ಸ್ ಸುರಿದರು. 1984ರಲ್ಲಿ ಬ್ರಿಟನ್ನಿನ ದಿಸ್ ಮಾರ್ಟಲ್ ಕಾಯಿಲ್ ತಂಡ ಈ ಎರಡೂ ಹಾಡುಗಳನ್ನು ಹಾಡಿದ ಮೇಲೆ ಒಂದು ಹೊಸ ಪೀಳಿಗೆಯೇ ಮೂಲ ಹುಡುಕಿಕೊಂಡು ಬಂತು.

ಇಡೀ ಆಲ್ಬಂ ಹೀಗೆ ಕತ್ತಲೆಯೂ ಅಲ್ಲ. ‘ಸ್ಟ್ರೋಕ್ ಇಟ್ ನೋಯಲ್’ ಕೇಳಿ. ನೋಯಲ್ ಎಂದರೆ ಪಿಟೀಲು ನುಡಿಸಿದ ನೋಯಲ್ ಗಿಲ್ಬರ್ಟ್. ತಂತಿವಾದ್ಯಗಳು ಈ ಆಲ್ಬಂಗೆ ಬಂದದ್ದೇ ಸ್ಟೀಫನ್ಸ್ ಬರೆದ ‘ಫಾರ್ ಯೂ’ ಹಾಡಿನ ದೆಸೆಯಿಂದ. ಅವರು ತಮ್ಮ ಹಾಡಿಗೆ ಬೇಕೆಂದರು, ಕಾರ್ಲ್ ಮಾರ್ಷ್ ಬರೆದುಕೊಟ್ಟರು, ಚಿಲ್ಟನ್ ಕೇಳಿ ತಮಗೂ ಬೇಕೆಂದರು. ತಂಡ ಒಡೆದುಹೋಗಿತ್ತು, ಉಳಿದವರು ಇಬ್ಬರೇ ಎಂದು ಎಲ್ಲರೂ ಬರೆಯುತ್ತಾರೆ. ಆ ಇಬ್ಬರ ನಡುವೆ ಇಂತಹ ಕೊಡುಕೊಳ್ಳುವಿಕೆ ಇತ್ತು ಎಂದು ಯಾಕೆ ಬರೆಯುವುದಿಲ್ಲ?

ಕೆಂಪುಚಾವಣಿ
‘ಫಾರ್ ಯೂ’ ವಿಷಯ ಒಳ್ಳೆಯ ಪೆಟ್ಟು. ಆದರೂ ಕೇಳುತ್ತೇನೆ: ಇದು ಬಿಗ್ ಸ್ಟಾರ್ ಆಲ್ಬಮ್ಮೇ? ಧ್ವನಿಮುದ್ರಣವಾದಾಗ ಅದಕ್ಕೆ ಹೆಸರೂ ಇರಲಿಲ್ಲ, ಹಾಡುಗಳ ಕ್ರಮವೂ ಇರಲಿಲ್ಲ. ಒಂದೊಂದು ಕಂಪನಿ ಒಂದೊಂದು ಕ್ರಮದಲ್ಲಿ ಹೊರತಂದಿತು. ಕರ್ತೃವೇ ಅಂತಿಮ ರೂಪ ಕೊಡದ್ದನ್ನು ಆಲ್ಬಂ ಎನ್ನುವುದು ಹೇಗೆ? ಅದಕ್ಕೇ ಅರ್ಧ ಎಂದೆ.

ನೀಲಾಂಬರಿ
ವಚನಕಾರರು ತಮ್ಮ ವಚನಗಳ ಕ್ರಮಸಂಖ್ಯೆ ಹಾಕಿಟ್ಟು ಹೋದರೇ? ಹಾಗೆಂದು ಅರ್ಧ ವಚನ ಎನ್ನುತ್ತೀರಾ?

ಕಾಲ್ನಡಿಗೆ
ಮೆಂಫಿಸ್‌ನಿಂದ ಕಲ್ಯಾಣಕ್ಕೆ ಬಂದೆವು. ಬಳಗದ ಸಂಪ್ರದಾಯ ಉಳಿಯಿತು.

ಬಿಸಿಲುಕುದುರೆ
‘ಥ್ಯಾಂಕ್ ಯೂ ಫ್ರೆಂಡ್ಸ್’ ನಿಜವಾದ ಕೃತಜ್ಞತೆಯೋ ಅಣಕವೋ? ಹಿಂದೆ ಅಷ್ಟು ಹೆಣ್ಣುದನಿಗಳು ಹಬ್ಬದಂತೆ ಹಾಡುತ್ತಿವೆ, ನನಗೆ ಗೊತ್ತಾಗುತ್ತಿಲ್ಲ.

ನೀಲಾಂಬರಿ
ಅಣಕ. ಎರಡು ಆಲ್ಬಂ ಮಣ್ಣುಪಾಲಾದ ಮೇಲೆ ‘ನೀವಿಲ್ಲದೆ ಇದು ಸಾಧ್ಯವಿರಲಿಲ್ಲ’ ಎನ್ನುವವನ ಮುಖ ಊಹಿಸಿಕೊಳ್ಳಿ.

ಆರುತಂತಿ
ನನಗೆ ಪ್ರತಿ ಸಲವೂ ಪ್ರಾಮಾಣಿಕ ಎನಿಸುತ್ತದೆ. ಅಣಕಕ್ಕೆ ಅಷ್ಟು ಒಳ್ಳೆಯ ರಾಗ ಯಾರು ಹಾಳುಮಾಡುತ್ತಾರೆ?

ಡ್ರಮ್ಮರ್_ಹಾಸನ
ಇನ್ನೊಂದು ಪ್ರಶ್ನೆ. ನಮ್ಮ ಕಡೆ ಇವರು ಯಾಕೆ ಬರಲೇ ಇಲ್ಲ? ನನ್ನ ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಹುಡುಗರ ಬಳಿ ಇಲ್ಲದ ಕ್ಯಾಸೆಟ್ ಇರಲಿಲ್ಲ, ಇದನ್ನು ಮಾತ್ರ ಯಾರೂ ಕೈಗೆ ಕೊಡಲಿಲ್ಲ.

ಮಳೆಗಾಲದ_ರೇಡಿಯೊ
ಬೆಂಗಳೂರಿಗೆ ರಾಕ್ ಎಂದರೆ ಭಾರ ಬೇಕು. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, 2011ರಲ್ಲಿ ಮೆಟಾಲಿಕಾ ಬಂದಾಗ ಸೇರಿದ ಕಪ್ಪು ಅಂಗಿಗಳ ಸಮುದ್ರ ನೆನಪಿಸಿಕೊಳ್ಳಿ. ಆ ಊರಿನಲ್ಲಿ ಹುಡುಗಿಯನ್ನು ಶಾಲೆಯಿಂದ ಮನೆಗೆ ನಡೆಸಿಕೊಂಡು ಹೋಗಲೇ ಎಂದು ಮೆಲುದನಿಯಲ್ಲಿ ಕೇಳುವ ‘ಥರ್ಟೀನ್’ ಹಾಡನ್ನು ಯಾರ ಮುಂದೆ ಹಾಕುತ್ತೀರಿ? ಸ್ನೇಹಿತರು ಎದ್ದು ಹೋಗುತ್ತಾರೆ. ಇದು ಮನೆಯಲ್ಲಿ ಒಬ್ಬರೇ ಕೇಳುವ ರಾಕ್, ಕ್ಯಾಸೆಟ್ಟು ಕೈ ಬದಲಾಯಿಸುವುದು ಗುಂಪಿನಲ್ಲಿ.

ಧಾರವಾಡದವಳು
ಅಥವಾ ನಮ್ಮ ಹುಡುಗರಿಗೆ ಮೆಲುದನಿ ಕೇಳಿದರೆ ನಾಚಿಕೆ. ಹಾಸ್ಟೆಲಿನಲ್ಲಿ ನಾವು ಹುಡುಗಿಯರು ‘ಥರ್ಟೀನ್’ ಬಾಯಿಪಾಠ ಮಾಡಿಕೊಂಡಿದ್ದೆವು. ಗಿಟಾರ್ ಬರುತ್ತಿದ್ದವಳು ಒಬ್ಬಳೇ, ಬೆರಳಲ್ಲಿ ಮೀಟುವ ಆ ಆರಂಭ ಅವಳಿಗೆ ಕೊನೆಯವರೆಗೂ ಕೈಹತ್ತಲಿಲ್ಲ.

ಆರುತಂತಿ
ಹೆಬ್ಬೆರಳು ಕೆಳಗಿನ ಸ್ವರಗಳನ್ನು ಬಿಡದೆ ನಡೆಸುತ್ತಿರಬೇಕು, ಉಳಿದ ಬೆರಳುಗಳು ಮೇಲೆ ಆಡಬೇಕು. ನಿಧಾನವಾಗಿ ಹೆಬ್ಬೆರಳೊಂದನ್ನೇ ಮೊದಲು ಅಭ್ಯಾಸ ಮಾಡಲು ಹೇಳಿ. ಈಗಲೂ ತಡವಾಗಿಲ್ಲ.

ಗ್ಲಾಸ್ಗೋ_ಗೌಡ
ಕ್ರಿಸ್ ಬೆಲ್ ಮುಂದೇನಾದರು ಎಂದು ಯಾರೂ ಹೇಳಲಿಲ್ಲ.

ಆರುತಂತಿ
ಹೇಳುವುದು ಕಷ್ಟ, ಅದಕ್ಕೇ. ಅಣ್ಣನ ಜೊತೆ ಯುರೋಪಿಗೆ ಹೋಗಿ ಫ್ರಾನ್ಸಿನಲ್ಲಿ ಧ್ವನಿಮುದ್ರಿಸಿದರು, ಬೀಟಲ್ಸ್ ಎಂಜಿನಿಯರ್ ಜೆಫ್ ಎಮೆರಿಕ್ ಲಂಡನ್ನಿನಲ್ಲಿ ಮಿಶ್ರಣ ಮಾಡಿಕೊಟ್ಟರು. ಯಾವ ಕಂಪನಿಯೂ ಕೊಳ್ಳಲಿಲ್ಲ. ಊರಿಗೆ ಮರಳಿ ತಂದೆಯ ಹೋಟೆಲಿನಲ್ಲಿ ಕೆಲಸ ಮಾಡಿದರು. 1978ರಲ್ಲಿ ಒಂದೇ ಒಂದು ಸಿಂಗಲ್ ಬಂತು, ‘ಐ ಆಮ್ ದ ಕಾಸ್ಮೋಸ್’. ಹಿಂಬದಿಯಲ್ಲಿ ‘ಯೂ ಆ್ಯಂಡ್ ಯುವರ್ ಸಿಸ್ಟರ್’, ಅದರಲ್ಲಿ ಹಿಂದೆ ದನಿಗೂಡಿಸಿದ್ದು ಚಿಲ್ಟನ್. ಅದೇ ಡಿಸೆಂಬರ್ 27ರಂದು ಕಾರು ಕಂಬಕ್ಕೆ ಬಡಿದು ತೀರಿಕೊಂಡರು, ವಯಸ್ಸು 27. ಹಾಡುಗಳು ಆಲ್ಬಂ ಆದದ್ದು 1992ರಲ್ಲಿ.

ಡ್ರಮ್ಮರ್_ಹಾಸನ
ಇದನ್ನು ಇವತ್ತೇ ಕೇಳುತ್ತೇನೆ.

ಸುಮ್ಮನೆ_ಓದುವವ
ನನ್ನ ‘ಇನ್ ಸ್ಪೇಸ್’ ಪ್ರಶ್ನೆಗೆ ಉತ್ತರ ಬರಲಿಲ್ಲ. 1993ರಲ್ಲಿ ಚಿಲ್ಟನ್, ಸ್ಟೀಫನ್ಸ್ ಇಬ್ಬರೂ ಪೋಸೀಸ್ ತಂಡದ ಇಬ್ಬರನ್ನು ಸೇರಿಸಿಕೊಂಡು ಮಿಸೌರಿ ವಿಶ್ವವಿದ್ಯಾಲಯದಲ್ಲಿ ನುಡಿಸಿದರು. ಆ ಕಾರ್ಯಕ್ರಮದ ಆಲ್ಬಂ ಚೆನ್ನಾಗಿಯೇ ಇದೆ. ಅದೇ ತಂಡ 2005ರಲ್ಲಿ ಹೊಸ ಹಾಡು ಮಾಡಿದರೆ ಅದು ಬಿಗ್ ಸ್ಟಾರ್ ಅಲ್ಲವೇ?

ಕೆಂಪುಚಾವಣಿ
ಕಾನೂನಿನ ಪ್ರಕಾರ ಹೌದು.

ನೀಲಾಂಬರಿ
ಈ ಒಂದು ವಿಷಯದಲ್ಲಿ ಕೆಂಪುಚಾವಣಿಯವರ ಜೊತೆ ನಾನಿದ್ದೇನೆ.

ಸುಮ್ಮನೆ_ಓದುವವ
ಹಾಗಾದರೆ ನಾನೊಬ್ಬನೇ ಅದರ ಅಭಿಮಾನಿ. ‘ಲೇಡಿ ಸ್ವೀಟ್’ ಕೇಳದೆ ತೀರ್ಪು ಕೊಟ್ಟವರೇ ಇಲ್ಲಿ ಹೆಚ್ಚು ಎಂದು ನನ್ನ ಗುಮಾನಿ.

ಬಿಸಿಲುಕುದುರೆ
ಎಲ್ಲ ಓದಿದೆ. ಈಗ ಹೇಳಿ, ಹೊಸಬನಾದ ನಾನು ಯಾವ ಕ್ರಮದಲ್ಲಿ ಕೇಳಲಿ? ಒಂದೇ ಉತ್ತರ ಬೇಕು.

ಆರುತಂತಿ
ಬಂದ ಕ್ರಮದಲ್ಲೇ. ಬೆಲ್ ಇದ್ದದ್ದು ಕೇಳದೆ ಅವರು ಇಲ್ಲದ್ದು ತಿಳಿಯುವುದಿಲ್ಲ.

ಕೆಂಪುಚಾವಣಿ
‘ಸೆಪ್ಟೆಂಬರ್ ಗರ್ಲ್ಸ್’ ಒಂದು ಹಾಡು ಕೇಳಿ, ಮೂರು ನಿಮಿಷವೂ ಇಲ್ಲ. ಹಿಡಿಸಿದರೆ ‘ರೇಡಿಯೊ ಸಿಟಿ’ ಪೂರ್ತಿ. ಹಿಡಿಸದಿದ್ದರೆ ಐರನ್ ಮೇಡನ್ ಇದ್ದೇ ಇದೆ.

ನೀಲಾಂಬರಿ
‘ಥರ್ಡ್’ನಿಂದ ಹಿಮ್ಮುಖವಾಗಿ. ರಾತ್ರಿ ಕೇಳಿ, ಹೆಡ್‌ಫೋನ್ ಹಾಕಿಕೊಳ್ಳಿ.

ಬಿಸಿಲುಕುದುರೆ
ಒಂದೇ ಉತ್ತರ ಎಂದಿದ್ದೆ.

ಕಾಫಿತೋಟ
‘ದಿ ಇಂಡಿಯಾ ಸಾಂಗ್’ನಿಂದ ಶುರುಮಾಡಿ. ಮೇಡಂ ಬೈಯುವ ಮೊದಲು.

ಧಾರವಾಡದವಳು
ಬೈಯುತ್ತಿಲ್ಲ. ಜಿನ್ ಮಾತ್ರ ನೀವೇ ತಂದುಕೊಳ್ಳಿ.